ದಪ್ಪ ಪ್ಯಾಡಿನ ಶಾರ್ಟ್ಸ್ ಹಾಕಿದರೂ ಉರಿ ಏಕೆ?

ಪ್ರಶ್ನೆ: ವಾರದಲ್ಲಿ ನಾಲ್ಕು ದಿನ ಕೆಲಸಕ್ಕೆ ಸೈಕಲ್‌ನಲ್ಲಿ ಹೋಗುತ್ತೇನೆ, ಒಂದು ಬದಿಗೆ 8 ಕಿ.ಮೀ. ಭಾನುವಾರ ಮೂವರು ಜತೆಗಾರರೊಂದಿಗೆ 60–70 ಕಿ.ಮೀ. ಸವಾರಿ. ಅವರಲ್ಲಿ ಒಬ್ಬರು ಬಿಬ್ ಶಾರ್ಟ್ಸ್ (ಹೆಗಲಿಗೆ ಪಟ್ಟಿಯಿರುವ, ಪ್ಯಾಡಿನ ಬಿಗಿ ಚಡ್ಡಿ) ಇಲ್ಲದೆ ಸೀಟಿನ ಮೇಲೆ ಕೂರುವುದೇ ಇಲ್ಲ. ಇನ್ನೊಬ್ಬರು ಸಾದಾ ಹತ್ತಿ ಚಡ್ಡಿಯಲ್ಲೇ ಇಡೀ ದಾರಿ ಮುಗಿಸುತ್ತಾರೆ. ಮೂರನೆಯವರು ಒಳಗೆ ಪ್ಯಾಡ್, ಮೇಲೆ ಸಡಿಲ ಚಡ್ಡಿ ಹಾಕುತ್ತಾರೆ. ಇವರ ಮಾತು ಕೇಳಿ ಅಂಗಡಿಯಲ್ಲಿದ್ದ ಅತಿ ದಪ್ಪ ಪ್ಯಾಡಿನ ಶಾರ್ಟ್ಸ್ ಕೊಂಡೆ. ಮೊದಲಿಗಿಂತ ತೊಡೆಸಂದಿನ ಉರಿ ಹೆಚ್ಚಾಗಿದೆ. ಒಂದು ಗಂಟೆ ಕಳೆದರೆ ಮುಂಭಾಗ ಜೋಮು ಹಿಡಿಯುತ್ತದೆ. ಸಾಲದ್ದಕ್ಕೆ, ಅವರೆಲ್ಲ ಜಾಕೆಟ್ ಹಾಕಿಕೊಂಡಾಗಲೂ ನನಗೆ ಸೆಕೆ. ಯಾರ ಮಾತು ಕೇಳಲಿ?

ಉತ್ತರ: ಮೂವರೂ ಅವರವರ ಮಟ್ಟಿಗೆ ಸರಿ. ತಮಗೆ ಒಗ್ಗಿದ್ದು ನಿಮಗೂ ಒಗ್ಗುತ್ತದೆ ಎಂದುಕೊಂಡಿದ್ದರಲ್ಲಿ ಎಡವಟ್ಟಾಗಿದೆ. ಸೈಕಲ್ ಉಡುಪಿನ ಬಗ್ಗೆ ಯಾರೇ ಸಲಹೆ ಕೊಟ್ಟರೂ ತಿರುಗಿ ಎರಡು ಪ್ರಶ್ನೆ ಕೇಳಿ. ಹ್ಯಾಂಡಲ್ ಕಡೆಗೆ ಎಷ್ಟು ಬಾಗಿ ಕೂರುತ್ತೀರಿ? ಸೀಟಿನಿಂದ ಏಳದೆ ಒಂದೇ ಸಮನೆ ಎಷ್ಟು ಹೊತ್ತು ತುಳಿಯುತ್ತೀರಿ? ಈ ಎರಡಕ್ಕೆ ಅವರ ಉತ್ತರ ನಿಮ್ಮ ಸವಾರಿಗೆ ಹೊಂದದಿದ್ದರೆ ಅವರ ಶಾರ್ಟ್ಸ್ ಕೂಡ ನಿಮಗೆ ಹೊಂದುವುದಿಲ್ಲ.

ಬೆನ್ನು ನೆಟ್ಟಗಿಟ್ಟು ಕೂತರೆ ಮೈಭಾರ ಬೀಳುವುದು ಪಿರ್ರೆಯ ಅಡಿಯ ಎರಡು ಗಟ್ಟಿ ಮೂಳೆಗಳ ಮೇಲೆ. ಸೈಕಲ್ ಸವಾರರು ಇವನ್ನು ಸಿಟ್ ಬೋನ್ ಎನ್ನುತ್ತಾರೆ. ಭಾರ ಹೊರುವುದೇ ಅವುಗಳ ಕೆಲಸ. ಅವುಗಳ ಮೇಲಿನ ಮಾಂಸ ಕೆಲವು ವಾರಗಳ ಸವಾರಿಯಲ್ಲಿ ಪಳಗುತ್ತದೆ. ಹತ್ತಿ ಚಡ್ಡಿಯ ನಿಮ್ಮ ಗೆಳೆಯರು ಬಹುಶಃ ನೆಟ್ಟಗೆ ಕೂರುವವರು, ಅಥವಾ ದಾರಿಯುದ್ದಕ್ಕೂ ಆಗಾಗ ಎದ್ದು ನಿಂತು ತುಳಿಯುವವರು. ಹ್ಯಾಂಡಲ್ ತಗ್ಗಿಸಿ ಮುಂದಕ್ಕೆ ಬಾಗಿದರೆ ಸೊಂಟದ ಮೂಳೆಚೌಕಟ್ಟೇ ಮುಂದಕ್ಕೆ ತಿರುಗುತ್ತದೆ. ಆಗ ಭಾರದ ಒಂದು ಪಾಲು ಮೂಳೆಯಿಂದ ಜಾರಿ, ನರವೂ ರಕ್ತನಾಳವೂ ಹಾದುಹೋಗುವ ಮುಂದಿನ ಮೆತ್ತನೆ ಭಾಗದ ಮೇಲೆ ಬೀಳುತ್ತದೆ. ಅಲ್ಲಿ ಬೇಕಾದದ್ದು ದಪ್ಪ ಪ್ಯಾಡ್ ಅಲ್ಲ, ಖಾಲಿ ಜಾಗ. ನೀವು ತಂದಿರುವ ದಪ್ಪ ಪ್ಯಾಡ್ ಆ ಜಾಗವನ್ನೇ ತುಂಬಿ ಒತ್ತುತ್ತಿರಬಹುದು. ಜೋಮಿಗೆ ಮೊದಲ ಅನುಮಾನ ಅದರ ಮೇಲೆ.

ಶಾರ್ಟ್ಸ್ ಬದಲಿಸುವ ಮೊದಲು ಸೀಟಿನ ಎತ್ತರ ನೋಡಿಕೊಳ್ಳಿ. ಉಡುಪಿನ ತಲೆಗೆ ಕಟ್ಟುವ ದೂರುಗಳಲ್ಲಿ ಬಹುಪಾಲು ಸೀಟಿನವು. ಗೋಡೆಗೆ ಒರಗಿ ಸೀಟಿನ ಮೇಲೆ ಕೂತು, ಪೆಡಲ್ ಅತಿ ಕೆಳಗೆ ಬಂದಾಗ ಅದರ ಮೇಲೆ ಹಿಮ್ಮಡಿ ಇಡಿ. ಮಂಡಿ ಪೂರ್ತಿ ನೇರವಾಗಬೇಕು, ಆದರೆ ಹಿಮ್ಮಡಿ ಮುಟ್ಟಿಸಲು ಸೊಂಟ ಒಂದು ಬದಿಗೆ ವಾಲಬಾರದು. ವಾಲುತ್ತಿದ್ದರೆ ಸೀಟು ಎತ್ತರ ಹೆಚ್ಚಾಗಿದೆ; ಪ್ರತಿ ತುಳಿತಕ್ಕೂ ನೀವು ಎಡಬಲಕ್ಕೆ ಜಾರುತ್ತಿದ್ದೀರಿ. ಎಂತಹ ಶಾರ್ಟ್ಸ್ ಹಾಕಿದರೂ ಈ ಉಜ್ಜಾಟ ನಿಲ್ಲುವುದಿಲ್ಲ. 5 ಮಿ.ಮೀ. ಇಳಿಸಿ ನೋಡಿ. ಮುಂಭಾಗದ ಜೋಮಿಗೆ ಸೀಟಿನ ಮೂತಿಯನ್ನು ಒಂದೆರಡು ಡಿಗ್ರಿ ಕೆಳಗೆ ಬಾಗಿಸಬಹುದು. ಅದಕ್ಕಿಂತ ಹೆಚ್ಚು ಬಾಗಿಸಿದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈಗೆ ಬರುತ್ತದೆ. ಸೀಟಿನ ನೋವು ಹೋಗಿ ಬೆರಳಿನ ನೋವು ಶುರುವಾಗುತ್ತದೆ, ಅಷ್ಟೆ.

ಸೀಟಿನ ಅಗಲವೂ ಮುಖ್ಯ. ಗಟ್ಟಿ ಮೆಟ್ಟಿಲಿನ ಮೇಲೆ ಒಂದು ರಟ್ಟಿನ ತುಂಡು ಹಾಕಿ, ಸೈಕಲ್ ಮೇಲೆ ಬಾಗುವಷ್ಟೇ ಬಾಗಿ, ಪಾದ ಸ್ವಲ್ಪ ಎತ್ತಿ ಅರ್ಧ ನಿಮಿಷ ಕೂರಿ. ರಟ್ಟಿನ ಮೇಲೆ ಎರಡು ತಗ್ಗು ಬಿದ್ದಿರುತ್ತವೆ. ಅವುಗಳ ನಡುಬಿಂದುಗಳ ಅಂತರ ಅಳೆಯಿರಿ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 100ರಿಂದ 140 ಮಿ.ಮೀ. ಇರುತ್ತದೆ. ಸೀಟು ಇದಕ್ಕಿಂತ 20–30 ಮಿ.ಮೀ. ಅಗಲವಿದ್ದರೆ ಮೂಳೆಗಳಿಗೆ ಸರಿಯಾದ ಆಸರೆ. ನೆಟ್ಟಗೆ ಕೂರುವವರಿಗೆ ಇನ್ನೂ ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದು. ಪ್ಯಾಡಿನ ದಪ್ಪ ಭಾಗ ಬೀಳಬೇಕಾದದ್ದೂ ಇದೇ ಎರಡು ತಗ್ಗುಗಳ ಜಾಗಕ್ಕೆ. ಹೆಂಗಸರ ಸರಾಸರಿ ಅಂತರ ಗಂಡಸರದಕ್ಕಿಂತ ಹೆಚ್ಚು ಎಂಬುದು ನಿಜ, ಆದರೆ ಎರಡು ಗುಂಪಿನ ಅಳತೆಗಳೂ ಬಹಳಷ್ಟು ಬೆರೆತುಹೋಗುತ್ತವೆ. ಹಾಗಾಗಿ ‘ಹೆಂಗಸರ ಪ್ಯಾಡ್’, ‘ಗಂಡಸರ ಪ್ಯಾಡ್’ ಎಂಬ ಚೀಟಿಯನ್ನು ಹುಡುಕಾಟ ಶುರುಮಾಡುವ ಜಾಗ ಎಂದಷ್ಟೇ ತಿಳಿಯಿರಿ. ಹೆಂಗಸರಿಗೆ ಹೆಚ್ಚು ಕಾಟ ಕೊಡುವುದು ಪ್ಯಾಡಿನ ನಟ್ಟನಡುವೆ ಹಾದುಹೋಗುವ ಹೊಲಿಗೆ. ಅದಿಲ್ಲದ, ಒಂದೇ ತುಂಡಿನ ಮೇಲ್ಬಟ್ಟೆಯ ಪ್ಯಾಡನ್ನು ಕೇಳಿ ತೆಗೆದುಕೊಳ್ಳಬೇಕು.

ಇನ್ನು ಉರಿ. ಚಪ್ಪಲಿ ಎಲ್ಲಿ ಕಚ್ಚುತ್ತದೆ ಎಂದು ತೊಟ್ಟವರಿಗೇ ಗೊತ್ತು. ಇಲ್ಲೂ ನಿಮ್ಮ ಮೈಮೇಲಿನ ಗುರುತೇ ಸಾಕ್ಷಿ. ಸವಾರಿ ಮುಗಿಸಿ ಬಂದ ಕೂಡಲೇ ಕನ್ನಡಿ ಹಿಡಿದು ನೋಡಿ. ತೊಡೆಸಂದಿನಲ್ಲಿ ಗೆರೆ ಎಳೆದಂತೆ ಕೆಂಪಾಗಿದ್ದರೆ ಅದು ಹೊಲಿಗೆಯ ಅಥವಾ ಒಳಉಡುಪಿನ ಅಂಚಿನ ಕೆಲಸ. ಒಳತೊಡೆಯಲ್ಲಿ ಅಂಗೈಯಗಲ ಕೆಂಪಾಗಿದ್ದರೆ ಶಾರ್ಟ್ಸ್ ಸಡಿಲವಾಗಿ ಬಟ್ಟೆ ಮಡಿಸಿಕೊಳ್ಳುತ್ತಿದೆ, ಇಲ್ಲವೇ ಸೀಟಿನ ಮೂತಿ ಅಗಲ ಹೆಚ್ಚಾಗಿದೆ. ಎರಡು ಮೂಳೆಯ ಜಾಗದಲ್ಲಿ ಮಾತ್ರ ನೋವಿದ್ದು ಚರ್ಮ ಚೆನ್ನಾಗಿದ್ದರೆ ಅದು ಒತ್ತಡ. ಹೊಸಬರಿಗೆ ಎರಡು ಮೂರು ವಾರ ಸಹಜ. ಕೂದಲ ಬುಡದಲ್ಲಿ ಸಣ್ಣ ಗುಳ್ಳೆಗಳೆದ್ದಿದ್ದರೆ ಬೆವರು, ಕೊಳೆ, ಉಜ್ಜಾಟ ಮೂರೂ ಸೇರಿವೆ. ಆ ಭಾಗದ ಕೂದಲನ್ನು ಬ್ಲೇಡಿನಿಂದ ಬೋಳಿಸುವ ಅಭ್ಯಾಸವಿದ್ದರೆ ನಿಲ್ಲಿಸಿ. ಮೊಳೆಯುವ ಮೊಂಡು ಕೂದಲು ಚರ್ಮದೊಳಕ್ಕೇ ತಿರುಗಿ ಬೆಳೆದು ಗುಳ್ಳೆಯನ್ನು ಹೆಚ್ಚಿಸುತ್ತದೆ. ಕತ್ತರಿಯಲ್ಲಿ ಚಿಕ್ಕದು ಮಾಡಿಕೊಂಡರೆ ಸಾಕು.

ಪ್ಯಾಡ್ ಶಾರ್ಟ್ಸ್ ಒಳಗೆ ಒಳಉಡುಪು ಹಾಕುತ್ತಿದ್ದೀರಾ? ಪತ್ರದಲ್ಲಿ ನೀವು ಹೇಳಿಲ್ಲ, ಮೊದಲ ಸಲ ಕೊಂಡವರಲ್ಲಿ ತುಂಬಾ ಜನ ಹಾಕುತ್ತಾರೆ. ಪ್ಯಾಡ್ ಚರ್ಮಕ್ಕೆ ನೇರ ತಾಗಲೆಂದೇ ಮಾಡಿದ್ದು. ಅದರ ಹೊಲಿಗೆಗಳನ್ನು ತೊಡೆಸಂದಿನಿಂದ ಆಚೆ ಸರಿಸಿರುತ್ತಾರೆ. ಒಳಗೆ ಹತ್ತಿಯ ಒಳಉಡುಪು ಸೇರಿಸಿದರೆ ಅದರ ದಪ್ಪ ಅಂಚು ಸರಿಯಾಗಿ ತೊಡೆಸಂದಿಗೇ ಬಂದು ಕೂರುತ್ತದೆ, ಬೆವರು ಕುಡಿದು ಒದ್ದೆಯಾಗುತ್ತದೆ, ಒದ್ದೆ ಚರ್ಮ ಒಣ ಚರ್ಮಕ್ಕಿಂತ ಬೇಗ ಸುಲಿಯುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೆ ಒಂದು ಗಂಟೆಯಲ್ಲಿ ಪ್ರತಿ ಕಾಲೂ 4,800 ಸಲ ಮಡಿಸಿ ಬಿಡಿಸುತ್ತದೆ. ನಿಂತಾಗ ಗಮನಕ್ಕೇ ಬಾರದ ಒಂದು ದಾರದ ಗಂಟು ಮೂರು ಗಂಟೆಯಲ್ಲಿ ಗಾಯ ಮಾಡುವುದು ಹೀಗೆ.

ಪ್ಯಾಡ್ ಎಷ್ಟು ದಪ್ಪ ಇರಬೇಕೆಂಬುದರಲ್ಲಿ ಜನ ಎಡವುವಷ್ಟು ಬೇರೆಲ್ಲೂ ಎಡವುವುದಿಲ್ಲ. ಅಂಗಡಿಯಲ್ಲಿ ಹಿಂಡಿದಾಗ ದಿಂಬಿನಂತೆ ಮೆತ್ತಗಿರುವ 15 ಮಿ.ಮೀ. ಪ್ಯಾಡ್ ಮೈಭಾರ ಬಿದ್ದ ಅರ್ಧ ಗಂಟೆಗೆ ಅಪ್ಪಚ್ಚಿಯಾಗಿ, ಮೂಳೆಯ ಅಡಿಯಲ್ಲಿ ಏನೂ ಉಳಿಯದಂತಾಗುತ್ತದೆ. ಒತ್ತಿದ ಫೋಮ್ ಎಲ್ಲಿಗೆ ಹೋಗಬೇಕು? ಬದಿಗೂ ನಡುವಿಗೂ ಉಬ್ಬುತ್ತದೆ. ಅಂದರೆ ಒತ್ತಬಾರದ ಜಾಗಕ್ಕೇ ಬಂದು ಒತ್ತುತ್ತದೆ. ಹೆಚ್ಚು ಸಾಂದ್ರತೆಯ ಫೋಮ್ ತೆಳ್ಳಗಿದ್ದರೂ ಗಂಟೆಗಟ್ಟಲೆ ತಡೆಯುತ್ತದೆ. ಕಂಪನಿಗಳು ಸಾಂದ್ರತೆ ಬರೆಯುವುದುಂಟು: ಘನ ಮೀಟರಿಗೆ 40–60 ಕಿಲೋ ಎಂದಿದ್ದರೆ ಚಿಕ್ಕ ಸವಾರಿಗೆ, 80ರಿಂದ 120 ಕಿಲೋ ಎಂದಿದ್ದರೆ ದಿನವಿಡೀ ತುಳಿಯುವವರಿಗೆ. ಬರೆಯದಿದ್ದರೆ ಸಿಟ್ ಬೋನ್ ಕೂರುವ ಜಾಗವನ್ನು ಹೆಬ್ಬೆರಳು ತೋರುಬೆರಳ ನಡುವೆ ಜೋರಾಗಿ ಹಿಸುಕಿ. ಬೆರಳಿಗೆ ಬೆರಳು ತಾಗಿದಂತಾದರೆ ಅದು ಎರಡು ಗಂಟೆಯ ಪ್ಯಾಡ್ ಅಲ್ಲ. ಅಂಚುಗಳು ತೆಳ್ಳಗಾಗುತ್ತ ಬಟ್ಟೆಯಲ್ಲಿ ಕರಗಿಹೋಗಿರಬೇಕು. ಮೆಟ್ಟಿಲಿನಂತೆ ಥಟ್ಟನೆ ಮುಗಿಯುವ ಅಂಚು ಒಳತೊಡೆಯನ್ನು ಕೆರೆಯುತ್ತದೆ.

ಸೀಟಿಗೆ ಜೆಲ್ ಕವರ್ ಹಾಕಿದ್ದರೆ ಅದನ್ನು ಇವತ್ತೇ ತೆಗೆಯಿರಿ. ಮೆತ್ತನೆ ಸೀಟು, ಮೆತ್ತನೆ ಪ್ಯಾಡ್ ಎರಡೂ ಕೂಡಿದರೆ ಮೂಳೆ ಆಳಕ್ಕೆ ಹೂತು, ನಡುಭಾಗ ಮೇಲೆದ್ದು ಒತ್ತುತ್ತದೆ. ಎರಡರಲ್ಲಿ ಒಂದು ಗಟ್ಟಿಯಾಗಿರಲೇಬೇಕು. ಈ ಮಾತನ್ನು ಎಷ್ಟು ಹೇಳಿದರೂ ಜನ ನಂಬುವುದಿಲ್ಲ, ಏಕೆಂದರೆ ಕೂತ ಮೊದಲ ಹತ್ತು ನಿಮಿಷ ಮೆತ್ತಗಿರುವುದೇ ಗೆಲ್ಲುತ್ತದೆ.

ಅಳತೆ ನೋಡುವಾಗ ನೆಟ್ಟಗೆ ನಿಂತು ತೀರ್ಮಾನಿಸಬೇಡಿ. ಸೈಕಲ್ ಉಡುಪನ್ನು ಬಾಗಿದ ಮೈಗೆಂದು ಕತ್ತರಿಸಿರುತ್ತಾರೆ. ನಿಂತಾಗ ಮುಂದೆ ಬಿಗಿ ಎನಿಸಿ, ಪ್ಯಾಡ್ ಎರಡು ಕಾಲ ನಡುವೆ ಸಿಕ್ಕಿಕೊಂಡಂತಾಗಿ ನಡಿಗೆಯೇ ವಿಚಿತ್ರವಾಗುತ್ತದೆ. ಅದು ಸರಿಯೇ. ಕುರ್ಚಿಯ ಬೆನ್ನು ಹಿಡಿದು ಹ್ಯಾಂಡಲ್ ಹಿಡಿದಂತೆ ಬಾಗಿ, ಒಂದೊಂದೇ ಮಂಡಿ ಎದೆಯ ಕಡೆಗೆ ಎತ್ತಿ. ಬಟ್ಟೆ ಎಲ್ಲೂ ಮಡಿಸಬಾರದು, ಪ್ಯಾಡ್ ಚರ್ಮದಿಂದ ಬಿಟ್ಟುಕೊಳ್ಳಬಾರದು, ತೊಡೆಯ ಪಟ್ಟಿ ರಕ್ತ ನಿಲ್ಲಿಸುವಷ್ಟು ಕಚ್ಚಬಾರದು. ಎರಡು ಅಳತೆಯ ನಡುವೆ ಸಿಕ್ಕಿಕೊಂಡರೆ ಚಿಕ್ಕದನ್ನು ಆರಿಸುವುದು ಲೇಸು. ಬಳಸುತ್ತ ಬಳಸುತ್ತ ಬಟ್ಟೆಯಲ್ಲಿನ ಎಲಾಸ್ಟೇನ್ ಎಂಬ ಹಿಗ್ಗುವ ಎಳೆ ಸ್ವಲ್ಪ ಸಡಿಲವಾಗುತ್ತದೆ; ಸಡಿಲವಾದದ್ದು ಬಿಗಿಯಾಗುವ ದಾರಿ ಇಲ್ಲ.

ಬಿಬ್ ಬೇಕೇ, ಸೊಂಟದ ಎಲಾಸ್ಟಿಕ್ ಸಾಕೇ? ಬಾಗಿ ಕೂತಾಗ ಸೊಂಟದ ಪಟ್ಟಿ ಹೊಟ್ಟೆಗೆ ಒತ್ತುತ್ತದೆ, ತುಳಿಯುತ್ತ ಶಾರ್ಟ್ಸ್ ಮೆಲ್ಲಗೆ ಕೆಳಜಾರುತ್ತದೆ, ಜತೆಗೆ ಪ್ಯಾಡೂ ಸ್ಥಾನ ತಪ್ಪುತ್ತದೆ. ಹೆಗಲ ಪಟ್ಟಿಯ ಬಿಬ್ ಈ ಎರಡೂ ತೊಂದರೆಯನ್ನು ನೀಗಿಸುತ್ತದೆ. ಎರಡು ಗಂಟೆ ಮೀರಿದ ಸವಾರಿಗೆ ನಮ್ಮ ಒಲವು ಬಿಬ್ ಕಡೆಗೇ. ಅದರ ಶಾಪವೂ ಇದೆ: ಶೌಚಕ್ಕೆ ಹೋಗಬೇಕೆಂದರೆ ಜರ್ಸಿಯನ್ನೇ ಕಳಚಬೇಕು. ಹೆಂಗಸರಿಗೆಂದು ಹಿಂಭಾಗ ಮಾತ್ರ ಕೆಳಗೆಳೆಯಬಹುದಾದ, ಕೊಕ್ಕೆ ಅಥವಾ ಅಯಸ್ಕಾಂತದ ಗುಂಡಿಯ ಬಿಬ್‌ಗಳಿವೆ. ಕೊಳ್ಳುವ ಮುನ್ನ ಜರ್ಸಿ ಹಾಕಿಕೊಂಡೇ ಒಂದು ಸಲ ಬಿಚ್ಚಿ ಹಾಕಿ ನೋಡಬೇಕು. ಉದ್ದ ಮುಂಡದವರಿಗೆ ಹೆಗಲ ಪಟ್ಟಿ ಗಿಡ್ಡವಾದರೆ ಪ್ಯಾಡನ್ನೇ ಮೇಲಕ್ಕೆಳೆದು ತೊಡೆಸಂದಿಗೆ ಹೊಸ ಉರಿ ಹಚ್ಚುತ್ತದೆ. ಹೊಟ್ಟೆ ಸ್ವಲ್ಪ ದೊಡ್ಡದಿರುವವರು ಬಿಬ್ ತಮಗಲ್ಲ ಎಂದುಕೊಳ್ಳುವುದುಂಟು, ನಿಜಕ್ಕೂ ಹೆಚ್ಚು ಲಾಭ ಅವರಿಗೇ.

ಮೈಗಂಟುವ ಬಟ್ಟೆಯಲ್ಲಿ ಮುಜುಗರವೆನಿಸಿದರೆ ಅದನ್ನೂ ಅಹಿತವೆಂದೇ ಲೆಕ್ಕಕ್ಕೆ ಹಿಡಿಯಬೇಕು. ನಾಚಿಕೆಪಡುತ್ತ ಕೂತವರು ಸೀಟಿನ ಮೇಲೆ ಸರಿಯಾಗಿ ಕೂರುವುದೇ ಇಲ್ಲ. ನಿಮ್ಮ ಮೂರನೆಯ ಗೆಳೆಯರ ಉಪಾಯ, ಒಳಗೆ ತೆಳು ಪ್ಯಾಡಿನ ಒಳಚಡ್ಡಿ (ಲೈನರ್), ಮೇಲೆ ಸಡಿಲ ಚಡ್ಡಿ, ಪೂರ್ತಿ ಗೌರವಾನ್ವಿತ ಪರಿಹಾರ. ಎರಡು ಎಚ್ಚರ ಮಾತ್ರ ಬೇಕು. ಮೇಲಿನ ಚಡ್ಡಿಯ ಕವಲಿನಲ್ಲಿ ನಾಲ್ಕು ಹೊಲಿಗೆ ಒಂದೆಡೆ ಕೂಡುವ ದಪ್ಪ ಗಂಟು ಇರಬಾರದು, ಅದರ ಬದಲು ಅಲ್ಲೊಂದು ಚೌಕದ ತುಂಡು ಹೊಲಿದಿರಬೇಕು. ಮತ್ತೆ, ಎದ್ದು ಕೂರುವಾಗ ಸಡಿಲ ಬಟ್ಟೆ ಸೀಟಿನ ಮೂತಿಗೆ ಸಿಕ್ಕಿಕೊಳ್ಳಬಾರದು.

ಇನ್ನು ಉಜ್ಜಾಟ ತಡೆಯಲು ಸವಾರರು ಹಚ್ಚಿಕೊಳ್ಳುವ ಕ್ರೀಮಿನ ಮಾತು. ಹಿಂದೆ ಸ್ಪರ್ಧಿಗಳ ಶಾರ್ಟ್ಸ್ ಉಣ್ಣೆಯದು, ಒಳಗೆ ಹದಮಾಡಿದ ನಿಜವಾದ ತೊಗಲಿನ ತುಂಡು. ಒಗೆದು ಒಣಗಿಸಿದರೆ ಆ ತೊಗಲು ಹಪ್ಪಳದಂತೆ ಬಿರುಸಾಗುತ್ತಿತ್ತು. ಅದನ್ನು ಮೆದುವಾಗಿಸಲು ಕ್ರೀಮ್ ತಿಕ್ಕುತ್ತಿದ್ದರು. 1958ರಲ್ಲಿ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್ ರೂಪಿಸಿದ ಎಲಾಸ್ಟೇನ್ ಎಳೆ, ಅಂದರೆ ಲೈಕ್ರಾ, ಮುಂದೆ ಉಣ್ಣೆಯನ್ನು ಓಡಿಸಿತು. ತೊಗಲಿನ ಜಾಗಕ್ಕೆ ಕೃತಕ ಬಟ್ಟೆ ಬಂತು. ಕ್ರೀಮ್ ಮಾತ್ರ ಉಳಿದುಕೊಂಡಿತು. ಈಗ ಅದನ್ನು ಹಚ್ಚಬೇಕಾದದ್ದು ಚರ್ಮಕ್ಕೆ, ಉಜ್ಜುವ ಮಡಿಕೆಗಳಿಗೆ ಮಾತ್ರ, ಒಂದು ಬೆರಳ ತುದಿಯಷ್ಟು. ಪ್ಯಾಡಿಗೆ ಮೆತ್ತಿದರೆ ಬಟ್ಟೆಯ ರಂಧ್ರ ಮುಚ್ಚಿ ಬೆವರು ಹೊರಹೋಗದು. ಪೆಟ್ರೋಲಿಯಂ ಜೆಲ್ಲಿ ಒಗೆದರೂ ಹೋಗುವುದಿಲ್ಲ, ಹಾಗಾಗಿ ಬೇಡ. ಪುದೀನ ಸತ್ವದ ತಂಪು ಕ್ರೀಮ್ ಕೆಲವರಿಗೆ ಹಿತ, ಕೆಲವರಿಗೆ ಮೆಣಸಿನಕಾಯಿ ಅರೆದಂತೆ. ಮುಂಗೈ ಮೇಲೆ ಹಚ್ಚಿ ನೋಡಿದ ಮೇಲೆ ಮುಂದಿನ ಮಾತು. ಒಂದೂವರೆ ಗಂಟೆಯ ಒಳಗಿನ ಸವಾರಿಗೆ ಬಹುತೇಕ ಯಾರಿಗೂ ಕ್ರೀಮ್ ಬೇಕಾಗದು. ಸಿಲಿಕೋನ್ ಚುಕ್ಕಿಯ ತೊಡೆ ಪಟ್ಟಿಯಿಂದ ತುರಿಕೆಯೆದ್ದರೆ ಅದಕ್ಕೂ ಕ್ರೀಮ್ ಮದ್ದಲ್ಲ. 5–7 ಸೆಂ.ಮೀ. ಅಗಲದ, ಸಿಲಿಕೋನ್ ಇಲ್ಲದೆ ನೇಯ್ಗೆಯ ಬಿಗಿಯಲ್ಲೇ ನಿಲ್ಲುವ ಪಟ್ಟಿ ಹುಡುಕಿ.

ಈಗ ನಿಮ್ಮ ಸೆಕೆ. ಪೆಡಲ್ ತಳ್ಳಲು ಮೈ ಖರ್ಚು ಮಾಡುವ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗ ಕೂಡ ಪೆಡಲಿಗೆ ತಲುಪುವುದಿಲ್ಲ, ಮಿಕ್ಕದ್ದೆಲ್ಲ ಶಾಖ. 150 ವಾಟ್ ಬಲದಲ್ಲಿ ತುಳಿಯುವವರ ಮೈಯಲ್ಲಿ ಸುಮಾರು 500 ವಾಟ್ ಶಾಖ ಹುಟ್ಟುತ್ತಿರುತ್ತದೆ. ಅದನ್ನೆಲ್ಲ ಬೆವರೊಂದೇ ಹೊತ್ತೊಯ್ಯಬೇಕಾದರೆ ಗಂಟೆಗೆ ಮುಕ್ಕಾಲು ಲೀಟರ್ ಬೆವರು ಆವಿಯಾಗಬೇಕು. ಮೈತೂಕ ಹೆಚ್ಚಿರುವವರು ದಿಣ್ಣೆಯಲ್ಲಿ ಅದೇ ವೇಗಕ್ಕೆ ಹೆಚ್ಚು ಬಲ ಹಾಕಬೇಕು, ಆದರೆ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತೀರ್ಣ ಕಡಿಮೆ. ಸಣ್ಣ ಮೈಕಟ್ಟಿನವರು ಇದಕ್ಕೆ ತಿರುಗುಮುರುಗು: ಬೇಗ ತಣ್ಣಗಾಗುತ್ತಾರೆ. ಗುಂಪಿನ ಹಿಂದೆ ಅಡಗಿ ಸಾಗುವವರು ಕಡಿಮೆ ಬಲ ಹಾಕುತ್ತಾರೆ, ಅವರಿಗೆ ಜಾಕೆಟ್ ಬೇಕೆನಿಸುತ್ತದೆ. ಮುಂದೆ ಗಾಳಿ ಸೀಳುವವರಿಗೆ ಅದೇ ಜಾಕೆಟ್ ಒಲೆ. ಹೊಸ ಬಿಸಿಲಿಗೆ ಮೈ ಒಗ್ಗಲು ಹತ್ತು ಹದಿನಾಲ್ಕು ದಿನ ಬೇಕು. ಒಗ್ಗಿದವರು ಮೊದಲೇ ಮತ್ತು ಹೆಚ್ಚು ಬೆವರುತ್ತಾರೆ. ಆದ್ದರಿಂದ ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ ನಾಲ್ವರಿಗೆ ನಾಲ್ಕು ಬಗೆಯ ಬಟ್ಟೆ ಬೇಕಾದರೆ ಅದರಲ್ಲಿ ಯಾರ ಹಟವೂ ಇಲ್ಲ.

ಹೊರಡುವಾಗ ಮೊದಲ ಹತ್ತು ನಿಮಿಷ ತುಸು ಚಳಿಯೆನಿಸಬೇಕು. ಮನೆ ಬಾಗಿಲಲ್ಲೇ ಬೆಚ್ಚಗಿದ್ದರೆ ಒಂದು ಪದರ ಹೆಚ್ಚಾಗಿದೆ. ಆ ಪದರ ಬೆವರಿನಲ್ಲಿ ನೆನೆದು, ಇಳಿಜಾರಿನಲ್ಲಿ ಅದೇ ನಿಮ್ಮನ್ನು ನಡುಗಿಸುತ್ತದೆ. 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಇಳಿದರೆ ಬಯಲಾದ ಚರ್ಮಕ್ಕೆ ಸೊನ್ನೆ ಡಿಗ್ರಿಯಂತೆ ಭಾಸವಾಗುತ್ತದೆ. ಸೆಕೆಯ ಮೈಯವರಿಗೆ ಜಾಕೆಟ್‌ಗಿಂತ ತೋಳಿಲ್ಲದ ಗಾಳಿತಡೆ ಅಂಗಿ ಮೇಲು: ಎದೆಗೆ ಮಾತ್ರ ಗಾಳಿ ತಡೆ, ಬೆನ್ನು ಜಾಲರಿ, ಮಡಿಚಿದರೆ ಹಿಂಜೇಬಿಗೆ ಹಿಡಿಯುತ್ತದೆ. ಇದಕ್ಕೆ ಕಳಚಬಹುದಾದ ತೋಳುಗವಸು ಸೇರಿಸಿದರೆ 10ರಿಂದ 20 ಡಿಗ್ರಿಯವರೆಗೆ ಬಹುತೇಕ ಎಲ್ಲವೂ ಸುಧಾರಿಸುತ್ತದೆ. ಆಲ್ಪ್ಸ್‌ನ ಘಾಟಿ ಹತ್ತಿದ ಸ್ಪರ್ಧಿಗಳು ಇಳಿಯುವ ಮುನ್ನ ಜರ್ಸಿಯೊಳಗೆ ದಿನಪತ್ರಿಕೆ ತುರುಕಿಕೊಳ್ಳುತ್ತಿದ್ದುದು ಇದೇ ತತ್ತ್ವ, ಇವತ್ತಿಗೂ ಕೆಲಸ ಮಾಡುತ್ತದೆ. ಮಂಡಿ ಮುಚ್ಚುವ ವಿಷಯದಲ್ಲಿ ಪಂಗಡಗಳೇ ಇವೆ: 18 ಡಿಗ್ರಿಗಿಂತ ಕೆಳಗಾದರೆ ಮುಚ್ಚಲೇಬೇಕೆನ್ನುವವರು, 8 ಡಿಗ್ರಿಯಲ್ಲೂ ಬರಿಗಾಲಲ್ಲಿ ತುಳಿಯುವವರು. ನಿಮ್ಮ ಮಂಡಿ ದೂರದಿದ್ದರೆ ಅದನ್ನು ಮುಚ್ಚಿ ಬೇಯಿಸಬೇಕಿಲ್ಲ.

ಜರ್ಸಿಯ ಬಟ್ಟೆ ಆರಿಸುವುದು ಸುಲಭ. ಪಾಲಿಯೆಸ್ಟರ್ ಎಳೆ ತನ್ನ ತೂಕದ ಶೇ 1ರಷ್ಟೂ ತೇವ ಹೀರುವುದಿಲ್ಲ. ಬೆವರನ್ನು ಹೊರಮೈಗೆ ಹರಡಿ ಬೇಗ ಒಣಗಿಸುತ್ತದೆ, ಆದರೆ ನಾತ ಹಿಡಿಯುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ಮೆರಿನೊ ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೇ ಇಟ್ಟುಕೊಂಡೂ ಒದ್ದೆಯೆನಿಸುವುದಿಲ್ಲ, ಮೂರು ದಿನ ಹಾಕಿದರೂ ವಾಸನೆ ಬಾರದು. ಒಣಗುವುದು ನಿಧಾನ, ಸೀಟಿಗೆ ಉಜ್ಜಿದರೆ ಬೇಗ ತೂತು. ಚದರ ಮೀಟರಿಗೆ 150 ಗ್ರಾಂ ತೂಕದ ತೆಳು ಮೆರಿನೊ ಬಿಸಿಲಿಗೂ ಸಲ್ಲುತ್ತದೆ. ಕೆಲವರ ಚರ್ಮಕ್ಕೆ ಮಾತ್ರ ಎಷ್ಟು ನಯದ ಉಣ್ಣೆಯೂ ಚುಚ್ಚುತ್ತದೆ, ಅವರೊಂದಿಗೆ ವಾದ ಬೇಡ. ಹತ್ತಿಯನ್ನು ಬೈಯುವುದು ಸವಾರರಲ್ಲಿ ಒಂದು ಶೋಕಿ. ನಿಮ್ಮ 8 ಕಿ.ಮೀ. ಕೆಲಸದ ದಾರಿಗೆ ಹತ್ತಿಯೇ ಸಾಕು. ಎರಡು ಗಂಟೆ ಮೀರಿದಾಗ, ಅಥವಾ ಬೆವರಿದ ಮೇಲೆ ತಣ್ಣನೆ ಗಾಳಿಗೆ ಸಿಕ್ಕಾಗ ಮಾತ್ರ ಒದ್ದೆ ಹತ್ತಿ ಹಗೆ. ಬಿಸಿಲಿಗೆ ತೆಳುವಾದ ಉದ್ದ ತೋಳು ಹಾಕುವುದು ಸನ್‌ಸ್ಕ್ರೀನ್ ಪದೇ ಪದೇ ಬಳಿಯುವುದಕ್ಕಿಂತ ಹಿತ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಆಚೆಯದು ಕಂಡರೆ ಬಿಸಿಲೂ ಒಳಬರುತ್ತದೆ.

ಮಳೆಗೆ ಪೂರ್ತಿ ಪರಿಹಾರವಿಲ್ಲ. ‘24 ಗಂಟೆಗೆ ಚದರ ಮೀಟರಿಗೆ 20,000 ಗ್ರಾಂ’ ಆವಿ ಬಿಡುವ ಜಾಕೆಟ್ ಎಂದರೆ ಗಂಟೆಗೆ ಸುಮಾರು 830 ಗ್ರಾಂ ಎಂದಾಯಿತು, ಅದೂ ಪ್ರಯೋಗಾಲಯದಲ್ಲಿ. ಹೊರಬಟ್ಟೆಯ ಮೇಲೆ ನೀರು ಪದರಗಟ್ಟಿದರೆ ಆ ಲೆಕ್ಕವೂ ಇಲ್ಲ. ಜೋರಾಗಿ ತುಳಿಯುವ ನಿಮ್ಮಂಥವರು ಒಳಗಿನಿಂದಲೇ ನೆನೆಯುತ್ತೀರಿ. ಸೆಕೆಯ ಕಾಲದ ಮಳೆಯಲ್ಲಿ ಜಾಕೆಟ್ ಬಿಟ್ಟು ನೆನೆಯುವುದೇ ಹಿತ. ಚಳಿ ಮಳೆಯಲ್ಲಿ ನೆನೆದರೂ ಬೆಚ್ಚಗಿಡುವ ಉಣ್ಣೆ ಒಳಗಿರಲಿ. ಮತ್ತೆ, ಪಿರ್ರೆ ಒದ್ದೆಯಾಗುವುದು ಆಕಾಶದ ನೀರಿನಿಂದಲ್ಲ, ಹಿಂಚಕ್ರ ಎರಚುವ ಕೆಸರಿನಿಂದ. ಒಂದು ಮಡ್‌ಗಾರ್ಡ್ ದುಬಾರಿ ಜಾಕೆಟ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕೈಗವಸಿನಲ್ಲೂ ದಪ್ಪ ಜೆಲ್ಲಿನ ಮೋಹ ಬೇಡ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೆ ಅಂಗೈಯ ಹೊರಬದಿಯ ನರ ಒತ್ತುತ್ತಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟಿನ ನಡುವಿನದು. ಜೆಲ್ ತುಂಡು ಆ ನರದ ನೇರಕ್ಕೇ ಕೂತರೆ ಒತ್ತಡ ಹೆಚ್ಚುತ್ತದೆ, ಅದರ ಎರಡೂ ಬದಿಗೆ ಇರಬೇಕು. ಗವಸು ಬಿಟ್ಟು ತುಳಿಯುವವರು ಬಿದ್ದಾಗ ಮೊದಲು ನೆಲ ಮುಟ್ಟುವುದು ಅಂಗೈ ಎಂಬುದನ್ನು ನೆನಪಿಡಲಿ. ಶೂ ಕೊಳ್ಳುವುದು ಸಂಜೆ, ಪಾದ ಊದಿಕೊಂಡಿರುವ ಹೊತ್ತಿನಲ್ಲಿ. ಚಳಿಗೆಂದು ಬಿಗಿ ಶೂನೊಳಗೆ ದಪ್ಪ ಸಾಕ್ಸ್ ತುರುಕಿದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಸಾಕ್ಸ್ ಎತ್ತರ ನಿಮ್ಮಿಷ್ಟ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಮಾತ್ರ ಸ್ಪರ್ಧಿಗಳ ಸಾಕ್ಸ್ ಮೀನಖಂಡದ ಅರ್ಧ ದಾಟಬಾರದೆಂದು ಅಳತೆಪಟ್ಟಿ ಹಿಡಿಯುತ್ತದೆ.

ಕೆಲಸದ ದಿನಗಳಿಗೆ ಪ್ಯಾಡ್ ಬೇಡವೇ ಬೇಡ. 8 ಕಿ.ಮೀ. ಅಂದರೆ ಅರ್ಧ ಗಂಟೆ. ಕವಲಿನಲ್ಲಿ ದಪ್ಪ ಹೊಲಿಗೆಯಿಲ್ಲದ, ಸ್ವಲ್ಪ ಹಿಗ್ಗುವ ಪ್ಯಾಂಟ್ ಸಾಕು. ಜೀನ್ಸ್‌ನ ಹೊಲಿಗೆ ಮಾತ್ರ ಕೂರುವ ಜಾಗದಲ್ಲೇ ಗಂಟು ಕಟ್ಟಿರುತ್ತದೆ. ಬಲಗಾಲ ಪ್ಯಾಂಟಿನ ಅಂಚನ್ನು ಪಟ್ಟಿಯಿಂದ ಬಿಗಿಯಿರಿ, ಇಲ್ಲವಾದರೆ ಚೈನ್ ಅದನ್ನು ತಿನ್ನುತ್ತದೆ. ಆ ಪಟ್ಟಿ ಬೆಳಕು ಪ್ರತಿಫಲಿಸುವಂಥದ್ದಾಗಿದ್ದು ಎರಡೂ ಕಣಕಾಲಿಗೆ ಇದ್ದರೆ ಇನ್ನೂ ಒಳ್ಳೆಯದು. ಮೇಲೆ ಕೆಳಗೆ ಆಡುವ ಎರಡು ಬೆಳಕಿನ ಚುಕ್ಕೆಗಳನ್ನು ಕಂಡ ಚಾಲಕರಿಗೆ ಮನುಷ್ಯ ತುಳಿಯುತ್ತಿದ್ದಾನೆಂದು ಕೂಡಲೇ ತಿಳಿಯುತ್ತದೆ. ಹೊಳೆಯುವ ಹಳದಿ ಬಣ್ಣ ಹಗಲಿಗೆ ಸರಿ, ಕತ್ತಲಲ್ಲಿ ಅದು ಬರೀ ಇನ್ನೊಂದು ಬಣ್ಣ.

ಒಗೆಯುವುದರಲ್ಲಿ ತಪ್ಪಿದರೆ ಒಳ್ಳೆಯ ಶಾರ್ಟ್ಸ್ ಕೂಡ ಕೆಡುತ್ತದೆ. ಸವಾರಿ ಮುಗಿದ ಕೂಡಲೇ ಕಳಚಿ, ಮೈ ತೊಳೆದುಕೊಳ್ಳಿ. ಒದ್ದೆ ಪ್ಯಾಡಿನಲ್ಲಿ ಕೂತು ಹರಟುವ ಅರ್ಧ ಗಂಟೆಯೇ ಗುಳ್ಳೆಗಳ ತವರು. ಪ್ರತಿ ಸವಾರಿಗೂ ಒಗೆದದ್ದೇ ಆಗಬೇಕು. ಒಳಮೈ ಹೊರಗೆ ಮಾಡಿ, 30 ಡಿಗ್ರಿ ನೀರಿನಲ್ಲಿ, ಕಡಿಮೆ ಸೋಪಿನಲ್ಲಿ ಒಗೆದು, ಸೋಪು ಉಳಿಯದಂತೆ ಜಾಲಿಸಿ. ಉಳಿದ ಸೋಪು ಬೆವರಿನೊಡನೆ ಸೇರಿ ತಾನೇ ಉರಿ ತರುತ್ತದೆ. ಬಟ್ಟೆ ಮೆದುಗೊಳಿಸುವ ದ್ರವ ಎಳೆಗಳ ಮೇಲೆ ಮೇಣದಂಥ ಪದರ ಕಟ್ಟಿ ಬೆವರು ಹೀರದಂತೆ ಮಾಡುತ್ತದೆ. ಬ್ಲೀಚ್, ಡ್ರೈಯರ್ ಶಾಖ, ಇಸ್ತ್ರಿ ಮೂರೂ ಎಲಾಸ್ಟೇನನ್ನು ಸಾಯಿಸುತ್ತವೆ. ಗಾಳಿಯಾಡುವ ನೆರಳಲ್ಲಿ, ಪ್ಯಾಡ್ ಹೊರಮುಖವಾಗಿರುವಂತೆ ಹರಡಿ. ದಪ್ಪ ಪ್ಯಾಡ್ ಒಣಗಲು ಇಡೀ ದಿನ ಹಿಡಿಯಬಹುದು, ಆದ್ದರಿಂದ ವಾರಕ್ಕೆ ಎರಡು ಮೂರು ಸಲ ತುಳಿಯುವವರಿಗೆ ಎರಡು ಜೊತೆಯಾದರೂ ಬೇಕು. ಪಿರ್ರೆಯ ಜಾಗ ಬೆಳಕಿಗೆ ಹಿಡಿದಾಗ ಜರಡಿಯಂತೆ ಕಂಡರೆ, ಒತ್ತಿದ ಫೋಮ್ ಮೇಲೇಳದಿದ್ದರೆ ಅದರ ಆಯಸ್ಸು ಮುಗಿಯಿತು. ಈ ಸುದ್ದಿಯನ್ನು ನಿಮ್ಮ ಹಿಂದೆ ಬರುವವರು ನಿಮಗಿಂತ ಮೊದಲೇ ತಿಳಿದಿರುತ್ತಾರೆ.

ನೀವು ಮಾಡಬೇಕಾದ ಕ್ರಮ ಹೀಗೆ. ಈ ಭಾನುವಾರ ಅದೇ ಶಾರ್ಟ್ಸ್, ಒಳಉಡುಪಿಲ್ಲದೆ, ಜೆಲ್ ಕವರ್ ಇಲ್ಲದೆ. ಉರಿ ಕಡಿಮೆಯಾದರೆ ಕಾರಣ ಈ ಎರಡರಲ್ಲೇ ಇತ್ತು. ಮುಂದಿನ ವಾರ ಸೀಟಿನ ಎತ್ತರ, ಅದರ ಮುಂದಿನ ವಾರ ಸೀಟಿನ ಮೂತಿಯ ಬಾಗು. ಅಲ್ಲಿಂದ ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಪ್ರತಿ 15 ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಎದ್ದು ನಿಂತು ತುಳಿಯಿರಿ, ರಕ್ತ ಓಡಾಡಲಿ. ಇಷ್ಟಾದ ಮೇಲೂ ಜೋಮು ಬಂದರೆ ಆ ದಪ್ಪ ಪ್ಯಾಡನ್ನು ಬಿಟ್ಟು, ನಡುವೆ ತಗ್ಗಿರುವ, 10 ಮಿ.ಮೀ. ಆಸುಪಾಸಿನ ಗಟ್ಟಿ ಫೋಮಿನ ಶಾರ್ಟ್ಸ್ ನೋಡಿ. ಜೋಮು ‘ಎಲ್ಲರಿಗೂ ಆಗುವುದೇ’ ಎಂದು ಗೆಳೆಯರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸೈಕಲ್ ಇಳಿದ ಮೇಲೂ ಗಂಟೆಗಟ್ಟಲೆ ಉಳಿದರೆ, ಅಥವಾ ಗುಳ್ಳೆ ಗಟ್ಟಿಯಾಗಿ, ಬಿಸಿಯಾಗಿ, ಜ್ವರ ತಂದರೆ ಸವಾರಿ ನಿಲ್ಲಿಸಿ ವೈದ್ಯರಿಗೆ ತೋರಿಸಿ.